ಸಂಕದ್ಮನಿಯ ನೀಹಾರಿಕೆ

ಕಲೆ ಕಂಡರೆ ಒರೆಸುವುದು ನನ್ನ ಕೈಗೆ ಅಂಟಿದ ಚಟ. ಹೋಟೆಲಿಗೆ ಹೋದರೆ ಚಹಾದ ಲೋಟ ಮೇಜಿನ ಮೇಲೆ ಬಿಟ್ಟುಹೋದ ಉಂಗುರ ಒರೆಸುತ್ತೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಸೆರಗಿನ ತುದಿಯಿಂದ ಗಾಜು ಉಜ್ಜುತ್ತೇನೆ. ಒಮ್ಮೆ ಕುಂದಾಪುರಕ್ಕೆ ಹೋಗುವಾಗ ಪಕ್ಕದಲ್ಲಿ ಕೂತ ಹೆಂಗಸಿನ ಮೂಗಿನ ಮೇಲೆ ಒಂಚೂರು ಕುಂಕುಮ ಉದುರಿತ್ತು. ನನ್ನ ಕೈ ನನ್ನನ್ನು ಕೇಳದೆಯೇ ಅತ್ತ ಹೊರಟಿತು. ಆಕೆ ಬೆಚ್ಚಿಬಿದ್ದು ಬ್ಯಾಗನ್ನು ಎದೆಗವಚಿಕೊಂಡರು. ಮುಂದಿನ ಸ್ಟಾಪಿನಲ್ಲಿ ಎದ್ದು ಹಿಂದಿನ ಸೀಟಿಗೆ ಹೋಗಿ ಕೂತರು. ಅವರದ್ದೇನೂ ತಪ್ಪಿಲ್ಲ ಬಿಡಿ.

ಈ ರೋಗದ ಮೂಲ ನನ್ನ ಉದ್ಯೋಗ. ಮುಂಬಯಿಯ ಒಂದು ಕಲರ್ ಲ್ಯಾಬಿನಲ್ಲಿ ಫೋಟೋಗಳ ಕಲೆ ತೆಗೆಯುವುದೇ ನನಗೆ ಸಂಬಳ ಕೊಡುತ್ತಿದ್ದ ಕೆಲಸ. ಮೊದಮೊದಲು ಸಣ್ಣ ಕುಂಚ ಮತ್ತು ಬಣ್ಣದ ನೀರು, ಆಮೇಲೆ ಕಂಪ್ಯೂಟರು. ಮದುಮಗಳ ಮೊಡವೆ, ಮದುಮಗನ ಕಣ್ಣಡಿಯ ಕಪ್ಪು, ಮಾವನ ಬೋಳುತಲೆಯ ಹೊಳಪು, ಶಾಮಿಯಾನದ ಮೂಲೆಯಲ್ಲಿ ಬಾಯಿ ತೆರೆದು ನಿದ್ದೆಹೋದ ಅಜ್ಜ, ಎಲ್ಲವನ್ನೂ ನಾಜೂಕಾಗಿ ಮಾಯ ಮಾಡಿದ್ದೇನೆ. ಒಬ್ಬ ಹುಡುಗಿಯ ಗಲ್ಲದ ಮಚ್ಚೆಯನ್ನು ಕಲೆಯೆಂದೇ ತಿಳಿದು ಒರೆಸಿದ್ದೂ ಉಂಟು. ಅವಳ ತಾಯಿ ಆಲ್ಬಂ ಹಿಡಿದು ಬಂದು ಕೌಂಟರಿನ ಮುಂದೆ ನಿಂತು, ಇವಳು ಯಾರು, ನಮ್ಮ ಹುಡುಗಿ ಎಲ್ಲಿ ಎಂದು ಕೂಗಾಡಿದರು. ಲ್ಯಾಬಿನವರೆಲ್ಲ ನಕ್ಕರು, ನಾನೂ ನಕ್ಕೆ. ಮಚ್ಚೆಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟುಕೊಟ್ಟೆ.

ಆಮೇಲೆ ಮೊಬೈಲು ಬಂತು. ಅದರೊಳಗೆ ತನ್ನಷ್ಟಕ್ಕೇ ಮೊಡವೆ ಒರೆಸುವ ಯಂತ್ರವೂ ಬಂತು. ಲ್ಯಾಬು ಮುಚ್ಚುವ ದಿನ ಮಾಲೀಕರು ಹಳೆಯ ಕ್ಯಾಮೆರಾ ಒಂದನ್ನು ನನ್ನ ಕೈಗಿಟ್ಟು, ಇಟ್ಟುಕೊಳ್ಳಿ ಶಾರದಾ ಬಾಯಿ, ಊರಲ್ಲಿ ಹೊತ್ತು ಕಳೆಯುವುದಕ್ಕೆ ಆಗುತ್ತದೆ ಎಂದರು. ಊರಿಗೆ ಹೋಗುತ್ತೇನೆಂದು ನಾನು ಯಾರಿಗೂ ಹೇಳಿರಲಿಲ್ಲ. ಕೆಲಸ ಬಿಟ್ಟ ಕುಂದಾಪುರದವರೆಲ್ಲ ಊರಿಗೇ ಹೋಗುತ್ತಾರೆಂದು ಅವರೇ ಲೆಕ್ಕ ಹಾಕಿಕೊಂಡಿದ್ದರು. ನನ್ನ ಜೊತೆಗಿದ್ದ ಅಬ್ಬಿ, ಅಂದರೆ ನನ್ನ ತಾಯಿ, ತೀರಿಹೋಗಿ ಆಗಲೇ ಬಹಳ ಕಾಲವಾಗಿತ್ತು. ಮದುವೆ ಗಿದುವೆ ಎಂದು ನಾನು ಗೋಜಲು ಮಾಡಿಕೊಂಡವಳಲ್ಲ. ಸರಿ, ಅವರು ಹೇಳಿದ್ದೇ ಆಗಲಿ ಎಂದು ನಾನು ಹುಟ್ಟಿದ ಊರು ನಾವುಂದಕ್ಕೆ ಬಂದೆ. ಪದ್ದಕ್ಕ ಎನ್ನುವವರ ಮನೆಯ ಮಹಡಿಯ ಮೇಲೆ ಒಂದು ಕೋಣೆ, ಎದುರಿಗೆ ತೆರೆದ ತಾರಸಿ. ಅಲ್ಲಿ ನಿಂತರೆ ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಘಟ್ಟದ ಗೆರೆ, ಮೇಲೆ ಆಕಾಶ. ಮಾತಾಡಿಸುವವರು ಮಾತ್ರ ಯಾರೂ ಇರಲಿಲ್ಲ.

ಆಕಾಶದ ಫೋಟೋ ತೆಗೆಯಲು ಶುರು ಮಾಡಿದ್ದು ಹೀಗೆ. ಇದನ್ನು ಹವ್ಯಾಸ ಎಂದು ಕರೆದರೆ ಚೆಂದ ಕೇಳಿಸುತ್ತದೆ. ನಿಜ ಹೇಳಬೇಕೆಂದರೆ ಸಂಜೆ ಏಳು ಗಂಟೆಗೆ ಊಟ ಮುಗಿಸಿ ಕೂತರೆ ಆ ಕೋಣೆಯ ನಾಲ್ಕು ಗೋಡೆ ನನ್ನನ್ನೇ ನೋಡುತ್ತಿದ್ದವು. ಅದರ ಬದಲು ನಾನೇ ಏನನ್ನಾದರೂ ನೋಡುವುದು ಮೇಲಲ್ಲವೇ? ಯಾರದೋ ಕೈದಾಟಿದ ಒಂದು ಪುಟ್ಟ ಯಂತ್ರ ಕೊಂಡೆ. ಭೂಮಿ ತಿರುಗಿದ ಹಾಗೆಲ್ಲ ಅದು ಕ್ಯಾಮೆರಾವನ್ನೂ ನಿಧಾನ ತಿರುಗಿಸುತ್ತದೆ, ಹಾಗಾಗಿ ಚುಕ್ಕಿಗಳು ಗೀಟಾಗುವುದಿಲ್ಲ. ಒಂದೇ ಕಡೆಗೆ ಗುರಿಯಿಟ್ಟು ಚಿತ್ರದ ಮೇಲೆ ಚಿತ್ರ ತೆಗೆಯುವುದು, ಆಮೇಲೆ ಕಂಪ್ಯೂಟರಿನಲ್ಲಿ ನೀರುದೋಸೆಯ ಹಾಗೆ ಒಂದರ ಮೇಲೊಂದು ಪೇರಿಸುವುದು. ಪೇರಿಸಿದಷ್ಟೂ ಬರಿಗಣ್ಣಿಗೆ ಕಾಣದ್ದು ಮೇಲೆದ್ದು ಬರುತ್ತದೆ. ಹಾಗೆ ಎದ್ದು ಬರುವುದೇ ನೀಹಾರಿಕೆ. ನಕ್ಷತ್ರಗಳ ನಡುವೆ ತೇಲುವ ಅನಿಲ ಮತ್ತು ಧೂಳಿನ ಮೋಡ ಅದು. ಹತ್ತಿರದಲ್ಲೊಂದು ನಕ್ಷತ್ರವಿದ್ದು ಬೆಳಕು ಕೊಟ್ಟರೆ ಕಾಣುತ್ತದೆ. ಯಾರೂ ಬೆಳಕು ಕೊಡದಿದ್ದರೆ ಅದು ಇದೆಯೆಂದೇ ಲೋಕಕ್ಕೆ ಗೊತ್ತಾಗುವುದಿಲ್ಲ.

ಮೊದಲ ಚಳಿಗಾಲದಲ್ಲಿ ಮಹಾವ್ಯಾಧನ ಚಿತ್ರ ತೆಗೆದೆ. ನಿಮಗೂ ಗೊತ್ತಿರುತ್ತದೆ, ಜನವರಿಯ ಸಂಜೆ ಮೂಡಣದಲ್ಲಿ ಸಾಲಾಗಿ ಮೂರು ನಕ್ಷತ್ರ ಕಾಣುತ್ತವಲ್ಲ, ಅದೇ ಅವನ ನಡುಪಟ್ಟಿ. ಪೇರಿಸಿದ ಚಿತ್ರ ಕಂಪ್ಯೂಟರಿನ ಮೇಲೆ ಬಂದದ್ದೇ ತಡ, ನನ್ನ ಕೈ ಹಳೇ ಚಾಳಿ ತೋರಿಸಿತು. ನಡುಪಟ್ಟಿಯ ಮೂಡ ತುದಿಗೆ, ಸ್ವಲ್ಪ ಬಡಗಲಾಗಿ ಒಂದು ಮಸುಕು ಕಲೆ. ಧೂಳು ಕೂತಿರಬೇಕೆಂದು ಎರಡೇ ಸಲ ಉಜ್ಜಿ ತೆಗೆದುಬಿಟ್ಟೆ. ಲ್ಯಾಬಿನಲ್ಲಿ ಆಗಿದ್ದರೆ ಶಹಬ್ಬಾಸ್ ಸಿಗುತ್ತಿತ್ತು. ಆಮೇಲೆ ಆಕಾಶದ ನಕ್ಷೆಯ ಪಕ್ಕದಲ್ಲಿಟ್ಟು ನೋಡುತ್ತೇನೆ, ನಕ್ಷೆಯಲ್ಲಿ ಆ ಜಾಗಕ್ಕೆ ಸುತ್ತು ಹಾಕಿ ಎಂ ಎಪ್ಪತ್ತೆಂಟು ಎಂದು ಬರೆದಿದೆ. ನಾನು ಒರೆಸಿದ್ದು ಒಂದು ನೀಹಾರಿಕೆಯನ್ನು! ಈ ಸಲ ಆಲ್ಬಂ ಹಿಡಿದು ಜಗಳಕ್ಕೆ ಬರುವ ತಾಯಿಯೂ ಇಲ್ಲ. ನಗು ಬಂತು. ಜೊತೆಗೆ ನಗುವವರು ಯಾರೂ ಇಲ್ಲದ್ದು ನೆನಪಾಗಿ ಆ ನಗು ಅರ್ಧಕ್ಕೇ ನಿಂತಿತು.

ಮರುದಿನ ಮತ್ತೆ ತೆಗೆದು, ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ನೋಡಿದೆ. ದೊಡ್ಡದೇನಲ್ಲ. ಮಸುಕು ಬೆಳಕು, ಅದರೊಳಗೆ ಅಕ್ಕಪಕ್ಕ ಎರಡು ಚುಕ್ಕಿ. ಮಂಜು ಬಿದ್ದ ಹೊತ್ತಿನಲ್ಲಿ ಯಾವುದೋ ಮನೆಯ ಎರಡು ಕಿಟಕಿಯಲ್ಲಿ ದೀಪ ಕಂಡ ಹಾಗೆ. ಅವತ್ತು ನಾನು ಎಷ್ಟು ಹೊತ್ತು ಅದನ್ನೇ ನೋಡುತ್ತ ಕೂತಿದ್ದೆನೋ ಗೊತ್ತಿಲ್ಲ.

ಒರೆಸಿದ್ದು ಒಂದು ಕಥೆಯಾದರೆ ಒರೆಸದೆ ಬಿಟ್ಟದ್ದು ಇನ್ನೊಂದು. ಒರೆಸಬಾರದೆಂದು ಪಾಠ ಕಲಿತವಳಲ್ಲವೇ, ಮುಂದೊಂದು ದಿನ ಕೃತ್ತಿಕೆಯ ಹತ್ತಿರ ಒಂದು ಭಾರೀ ಮೋಡ ಸಿಕ್ಕಿತು. ಯಾವ ನಕ್ಷೆಯಲ್ಲೂ ಇಲ್ಲ. ನನ್ನ ಹೆಸರಿನ ನೀಹಾರಿಕೆ, ಪೇಪರಿನಲ್ಲಿ ಫೋಟೋ, ಊರಿನ ಶಾಲೆಯಲ್ಲಿ ಸನ್ಮಾನ, ಶಾಲು, ಹಣ್ಣಿನ ಬುಟ್ಟಿ, ಎಲ್ಲ ಕಣ್ಣ ಮುಂದೆ ಬಂತು. ಖಾತ್ರಿ ಮಾಡಿಕೊಳ್ಳಲು ಕ್ಯಾಮೆರಾವನ್ನು ತೆಂಕಕ್ಕೆ ತಿರುಗಿಸಿ ಇನ್ನೊಂದು ಚಿತ್ರ ತೆಗೆದೆ. ಮೋಡ ಅಲ್ಲಿಗೂ ಬಂದಿತ್ತು. ಬಡಗಕ್ಕೆ ತಿರುಗಿಸಿದೆ, ಅಲ್ಲೂ ಹಾಜರು. ಚಿತ್ರದ ಅದೇ ಮೂಲೆ, ಅದೇ ಆಕಾರ. ಲೆನ್ಸನ್ನು ಟಾರ್ಚಿನ ಬೆಳಕಿಗೆ ಹಿಡಿದರೆ ನನ್ನದೇ ಹೆಬ್ಬೆರಳಿನ ಗುರುತು, ಅಪ್ಪಟ ತೆಂಗಿನೆಣ್ಣೆಯಲ್ಲಿ. ಸಂಜೆ ತಲೆಗೆ ಎಣ್ಣೆ ಹಚ್ಚಿಕೊಂಡು ಸೀದಾ ತಾರಸಿಗೆ ಬಂದಿದ್ದೆ.

ಇಲ್ಲಿ ಕತ್ತಲೆಗೂ ಬರ. ಪಡುವಣದಲ್ಲಿ ದೋಣಿಗಳ ಬೆಳಕು, ಬಸ್‌ಸ್ಟ್ಯಾಂಡಿನ ಹತ್ತಿರ ಎತ್ತರದ ಕಂಬದ ಬೆಳಕು, ಗದ್ದೆಯಲ್ಲಿ ಯಕ್ಷಗಾನದ ಆಟ ಇದ್ದ ದಿನ ರಂಗಸ್ಥಳದ ಬೆಳಕು. ಹಾಗಾಗಿ ಕರೆಂಟು ಹೋದಾಗ ಊರೆಲ್ಲ ಬೈಯುತ್ತಿದ್ದರೆ ನಾನು ಖುಷಿಯಿಂದ ಮೆಟ್ಟಿಲು ಹತ್ತಿ ಓಡುತ್ತೇನೆ. ಒಂದು ದಿನ ಹಾಗೆ ಓಡುವಾಗ ಕೆಳಗಿನಿಂದ ಪದ್ದಕ್ಕ ಕೇಳಿದರು.

"ಮೇಡಂ, ಕರೆಂಟ್ ಇಲ್ದಿಪ್ಪತ್ತಿಗೆ ಮೇಲ್ ಹೋಯಿ ಒಬ್ರೇ ಎಂತ ಮಾಡ್ತ್ರಿ?"

"ಫೋಟೋ ತೆಗಿತೆ ಪದ್ದಕ್ಕ."

"ಯಾರ್ದ್?"

"ಆಕಾಶದ್ದ್."

"ಅಲ್ಲ್ ಎಂತ ಇತ್ತ್ ಅಂದೇಳಿ?"

ಮರುದಿನ ಅವರಿಗೆ ಮಹಾವ್ಯಾಧನ ದೊಡ್ಡ ನೀಹಾರಿಕೆಯನ್ನು ತೋರಿಸಿದೆ. ಅದು ನನ್ನ ಚಿತ್ರಗಳಲ್ಲೇ ಚೆಂದದ್ದು. ಪದ್ದಕ್ಕ ಕನ್ನಡಕ ಹಾಕಿಕೊಂಡು ನೋಡಿ, "ಮಳಿಗಾಲದಗೆ ಗೋಡಿಗ್ ನೀರ್ ಇಳ್ದಾಂಗಿತ್ತಲೆ" ಎಂದರು. ಆಮೇಲೆ ನನಗೆ ಬೇಸರವಾಗಬಾರದೆಂದು, "ಲಾಯ್ಕಿತ್ತ್ ಮೇಡಂ" ಎಂದೂ ಸೇರಿಸಿದರು. ಪದ್ದಕ್ಕ ಒಳ್ಳೆಯವರು. ಬಸಳೆ ಕೊಡುತ್ತಾರೆ, ಬಂಗುಡೆ ಹುರಿದ ದಿನ ತಟ್ಟೆಯಲ್ಲಿ ಎರಡು ಮೇಲೆ ಕಳಿಸುತ್ತಾರೆ. ಆದರೆ ನಾನು ಅವರಿಗೆ ಬೊಂಬಾಯಿಯ ಮೇಡಂ. ಮೀನಿನ ಅಂಗಡಿಯಲ್ಲಿ ಮೇಡಂ, ರಿಕ್ಷಾದಲ್ಲಿ ಮೇಡಂ, ದೇವಸ್ಥಾನದಲ್ಲಿ ಪ್ರಸಾದ ಕೊಡುವಾಗಲೂ ಮೇಡಂ. ಹುಟ್ಟಿದ ಊರಿನಲ್ಲಿ ಹೀಗೆ ಮರ್ಯಾದೆ ಸಿಗುವುದು ಎಂಥ ಸಂಕಟವೆಂದು ಅನುಭವಿಸಿದವರಿಗೇ ಗೊತ್ತು.

ನಮ್ಮ ಕಡೆ ಮನುಷ್ಯರನ್ನು ಗುರುತು ಹಿಡಿಯುವುದು ಹೆಸರಿನಿಂದಲ್ಲ, ಮನೆಯಿಂದ. ಯಾರೇ ಸಿಕ್ಕಲಿ, ಮೊದಲ ಪ್ರಶ್ನೆ "ಯಾವ್ ಮನಿ ಆಯ್ತ್?" ಬಾವಿಕಟ್ಟೆ ಮನಿ, ದೊಡ್ಮನಿ, ಗಾಣದ್ಮನಿ, ಹೀಗೆ ಮನೆಯ ಹೆಸರು ಹೇಳಿದರೆ ಸಾಕು. ನಿಮ್ಮ ಅಜ್ಜಿ ಯಾರಿಗೆ ಸಾಲದಲ್ಲಿ ಅಕ್ಕಿ ಕೊಟ್ಟಿದ್ದರು, ನಿಮ್ಮ ಮಾವ ಯಾರ ಜೊತೆ ಮಾತು ಬಿಟ್ಟಿದ್ದ, ಎಲ್ಲ ಅವರ ಬಾಯಲ್ಲೇ ಬರುತ್ತದೆ. ನಮ್ಮದು ಸಂಕದ್ಮನಿ. ಮನೆಯ ಮುಂದೆ ತೋಡು ಹರಿಯುತ್ತಿತ್ತು, ದಾಟುವುದಕ್ಕೆ ಮರದ ಸಂಕ ಇತ್ತು, ಅದಕ್ಕೇ ಆ ಹೆಸರು. ಅಪ್ಪಯ್ಯ ಬೇಗ ಹೋದರು. ನಾನು ಲಂಗ ಬಿಟ್ಟು ಸೀರೆ ಉಡತೊಡಗಿದ ವರ್ಷ ಅಬ್ಬಿಯನ್ನೂ ಕರೆದುಕೊಂಡು ಮುಂಬಯಿಗೆ ಹೋದೆ. ಬಾಗಿಲು ಹಾಕಿದ್ದ ಮನೆ ಮಳೆಗೆ ಕುಸಿಯುತ್ತ, ಕಳ್ಳಿ ಬೆಳೆಸಿಕೊಳ್ಳುತ್ತ ನಿಂತಿತ್ತು. ಆಮೇಲೆ ಹೆದ್ದಾರಿ ಅಗಲವಾಯಿತು. ಮನೆ ಹೋಯಿತು, ತೋಡು ಪೈಪಿನೊಳಗೆ ಹೋಯಿತು, ಸಂಕ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಅಕ್ಕಪಕ್ಕದ ಮನೆಯವರೆಲ್ಲ ಚದುರಿದರು. ರಸ್ತೆಯ ಬದಿಯಲ್ಲಿ ಈಗ ಇರುವವರೆಲ್ಲ ಹೊಸಬರು.

ಹಾಗಾಗಿ ಊರಿಗೆ ಬಂದ ಮೇಲೆ ನನ್ನ ಪಾಡು ಹೀಗಾಯಿತು.

"ಯಾವ್ ಮನಿ ಆಯ್ತ್ ಮೇಡಂ?"

"ಸಂಕದ್ಮನಿ."

"ಅದ್ ಎಲ್ಲ್ ಬತ್ತ್?"

"ಪೆಟ್ರೋಲ್ ಬಂಕಿನ್ ಎದ್ರ್ ಡಿವೈಡರ್ ಇತ್ತಲ್ದಾ? ಅಲ್ಲೇ."

ಕೇಳಿದವರು ತಮಾಷೆಯೆಂದು ನಗುತ್ತಾರೆ. ನಾನೂ ನಗುತ್ತೇನೆ. ಡಿವೈಡರಿನ ಮೇಲೆ ಈಗ ಕೆಂಪು ಹೂವಿನ ಗಿಡ ನೆಟ್ಟಿದ್ದಾರೆ. ಬಸ್ಸಿನಲ್ಲಿ ಹೋಗುವಾಗ ಅಡುಗೆಮನೆ ಎಲ್ಲಿ ಬರುತ್ತಿತ್ತು ಎಂದು ಅಂದಾಜು ಮಾಡುವಷ್ಟರಲ್ಲಿ ಬಸ್ಸು ದಾಟಿ ಹೋಗಿರುತ್ತದೆ.

ಕೆರಾಡಿಗೆ ಹೋದದ್ದು ಈ ಸಂಕಟದ ನಡುವೆಯೇ. ಕಾಡಿನ ಅಂಚಿನ ಊರು, ಅಲ್ಲಿ ಕತ್ತಲೆ ಇನ್ನೂ ಕತ್ತಲೆಯಾಗಿಯೇ ಉಳಿದಿದೆ. ಪದ್ದಕ್ಕನ ನೆಂಟರ ಮನೆ ಇತ್ತು, ಅಂಗಳದಲ್ಲಿ ಕ್ಯಾಮೆರಾ ಇಟ್ಟುಕೊಳ್ಳಲು ಅವರು ಒಪ್ಪಿದರು. ನಾನು ಕ್ಯಾಮೆರಾ ಜೋಡಿಸುವಾಗ ಆ ಮನೆಯ ಅಜ್ಜಿ ಜಗಲಿಯಲ್ಲಿ ಕೂತು ನನ್ನನ್ನು ಜೋಡಿಸಲು ಶುರು ಮಾಡಿದರು. ನಿಮ್ಮ ಅಬ್ಬಿಯ ತವರು ಯಾವುದು, ಅಲ್ಲಿಂದ ತೆಂಕಕ್ಕೆ ಕೊಟ್ಟ ಹೆಣ್ಣು ಯಾರು, ಆ ಮನೆಗೂ ನಮ್ಮ ಭಾವನ ಮನೆಗೂ ಎಂಥ ಸಂಬಂಧ ಎಂದು ಒಂದೊಂದೇ ಎಳೆ ಹಿಡಿದು ಎಳೆದರು. ನನಗೆ ತಮಾಷೆಯೆನಿಸಿತು. ಫೋಟೋ ಗುರುತು ಹಿಡಿಯುವುದೂ ಹೀಗೆಯೇ. ಇಂಟರ್ನೆಟ್ಟಿನಲ್ಲಿ ಒಂದು ಸೌಕರ್ಯವಿದೆ. ಎಲ್ಲಿಯದ್ದೆಂದು ಗೊತ್ತಿಲ್ಲದ ಆಕಾಶದ ಚಿತ್ರ ಕಳಿಸಿದರೆ ಅದು ನೀಹಾರಿಕೆಯ ಮುಖವನ್ನೇ ನೋಡುವುದಿಲ್ಲ. ಸುತ್ತಲಿನ ಚುಕ್ಕಿಗಳನ್ನು ಮೂರು ನಾಲ್ಕರಂತೆ ಗುಂಪು ಹಿಡಿದು, ಇವುಗಳ ನಡುವಿನ ದೂರ ಇಷ್ಟಿಷ್ಟು, ಹಾಗಾದರೆ ಇದು ಇಂಥ ಜಾಗ, ಇಲ್ಲಿರುವುದು ಇಂಥದ್ದು ಎಂದು ಹೆಸರು ಹಾಕಿ ವಾಪಸು ಕೊಡುತ್ತದೆ. ನೆರೆಕರೆ ಸಿಕ್ಕಿದರೆ ಮನೆ ಸಿಕ್ಕಿದ ಹಾಗೆ. ಮೋಡ ಮುಸುಕಿ ಚುಕ್ಕಿಗಳು ಕಾಣದಿದ್ದರೆ ಮಾತ್ರ ಗುರುತು ಸಿಗಲಿಲ್ಲವೆಂದು ಕೈ ಚೆಲ್ಲುತ್ತದೆ. ಅಜ್ಜಿಯೂ ಅಷ್ಟೇ. ತುಂಬ ಹೊತ್ತು ಎಳೆದಾಡಿ ಕೊನೆಗೆ, "ಇಲ್ಲೆ ಮೇಡಂ, ನಿಮ್ ಕಡಿಯವ್ರ್ ಯಾರೂ ಸಿಕ್ಕುದಿಲ್ಲೆ" ಎಂದು ಒಳಗೆ ಹೋದರು. ಅವತ್ತಿನ ಚಿತ್ರಗಳು ಬಹಳ ಚೆನ್ನಾಗಿ ಬಂದವು. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು.

ಇಷ್ಟರಲ್ಲಿ ಮುಂಬಯಿಯಿಂದ ಶೈಲಾಳ ಫೋನು. ಲ್ಯಾಬಿನಲ್ಲಿ ನನ್ನ ಪಕ್ಕದ ಕುರ್ಚಿಯವಳು, ಮರಾಠಿಯವಳು. ಅವಳ ತಂಗಿಯ ಕೋಣೆ ಖಾಲಿಯಾಗಿದೆಯಂತೆ. ಅಲ್ಲಿ ಒಬ್ಬಳೇ ಕೂತು ಏನು ಮಾಡುತ್ತೀ, ಬಂದುಬಿಡು, ಮಳೆ ಶುರುವಾಗುವ ಮೊದಲು ಹೇಳು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತಾರೆ ಎಂದಳು. ನನಗೂ ಹೌದೆನಿಸಿತು. ಅಲ್ಲಿ ನನ್ನನ್ನು ಯಾರೂ ಯಾವ ಮನೆಯೆಂದು ಕೇಳುವುದಿಲ್ಲ. ಕೇಳದ ಊರಿನಲ್ಲಿ ಗುರುತಿಲ್ಲದೆ ಇರಬಹುದು, ಕೇಳುವ ಊರಿನಲ್ಲಿ ಇರುವುದು ಕಷ್ಟ. ಸಂಕದ್ಮನಿ ಗೊತ್ತಿರುವ ಒಬ್ಬರಾದರೂ ಸಿಕ್ಕರೆ ಉಳಿಯುತ್ತೇನೆ, ಸಿಗದಿದ್ದರೆ ಮಳೆಗೆ ಮೊದಲು ಹೊರಡುತ್ತೇನೆ ಎಂದು ನನಗೆ ನಾನೇ ಗಡುವು ಹಾಕಿಕೊಂಡೆ. ಮಾರ್ಚ್ ಕಳೆಯಿತು. ಮಹಾವ್ಯಾಧ ಪಡುವಣಕ್ಕೆ ಜಾರತೊಡಗಿದ. ಯಾರೂ ಸಿಗಲಿಲ್ಲ.

ಆ ದಿನಗಳಲ್ಲೇ ಒಂದು ಮಳ್ಳು ಕೆಲಸ ಮಾಡಿದೆ. ನಕ್ಷೆಯವರು ನೀಹಾರಿಕೆಗಳಿಗೆ ಕೊಟ್ಟ ಹೆಸರೆಂದರೆ ಬರೀ ಅಕ್ಷರ, ಅಂಕಿ. ಎಂ ಇಷ್ಟು, ಎನ್‌ಜಿಸಿ ಅಷ್ಟು. ನನಗೆ ಆ ಅಂಕಿಗಳು ನೆನಪಿರುತ್ತಿರಲಿಲ್ಲ. ಹಾಗಾಗಿ ನನ್ನ ಚಿತ್ರದಲ್ಲಿ ಅವನ್ನೆಲ್ಲ ಅಳಿಸಿ ರಸ್ತೆಗೆ ಹೋದ ಮನೆಗಳ ಹೆಸರು ಹಾಕಿದೆ. ಎಲ್ಲಕ್ಕಿಂತ ದೊಡ್ಡದು, ಗೋಡೆಗೆ ನೀರಿಳಿದ ಹಾಗಿರುವುದು, ದೊಡ್ಮನಿ. ನಡುಪಟ್ಟಿಯ ಮೂಡ ತುದಿಯ ನಕ್ಷತ್ರಕ್ಕೆ ಒರಗಿಕೊಂಡ ಬೆಂಕಿಯಂಥದ್ದು, ಗಾಣದ್ಮನಿ. ಅದಕ್ಕಿಂತ ಮೂಡಕ್ಕೆ, ಬಡಗಕ್ಕೆ, ಎರಡು ಕಿಟಕಿಯ ದೀಪದಂಥದ್ದು, ಸಂಕದ್ಮನಿ. ಊರಿನಲ್ಲೂ ಗಾಣದ್ಮನಿಯ ಮೂಡಕ್ಕೇ ನಮ್ಮ ಮನೆ ಇದ್ದದ್ದು. ನಡುವೆ ಅಗಲವಿಲ್ಲದ ಹಳೆಯ ರಸ್ತೆ. ಆ ಲೆಕ್ಕ ಆಕಾಶದಲ್ಲೂ ತಾಳೆಯಾದದ್ದು ಕಂಡು ನನಗೆ ಖುಷಿಯೋ ಖುಷಿ.

ಹೊರಡುವುದಾದರೆ ಊರಿನದ್ದೆಂದು ಕೈಯಲ್ಲಿ ಇದೊಂದಾದರೂ ಇರಲಿ ಎಂದು ದೊಡ್ಡ ಹಾಳೆಗೆ ಪ್ರಿಂಟು ಹಾಕಿಸಲು ಬೈಂದೂರಿನ ಸ್ಟುಡಿಯೋಗೆ ಹೋದೆ. ಚಿತ್ರವನ್ನು ತಿರುವುಮುರುವು ಮಾಡಿ ಕೊಟ್ಟಿದ್ದೆ, ಅಂದರೆ ಆಕಾಶ ಬಿಳಿ, ಚುಕ್ಕಿ ಕಪ್ಪು, ಹಳೇ ನೆಗೆಟಿವಿನ ಹಾಗೆ. ಮಸುಕಾದ ನೀಹಾರಿಕೆ ಹಾಗಿದ್ದರೆ ಸ್ಪಷ್ಟ ಕಾಣುತ್ತದೆ. ಮೇಲಿನಿಂದ ಕೆಳಕ್ಕೆ, ಅಡ್ಡಕ್ಕೆ ಗೀಟುಗಳು, ನೀಹಾರಿಕೆಗಳಿಗೆ ಸುತ್ತು, ಸುತ್ತಿನ ಪಕ್ಕ ಮನೆಯ ಹೆಸರು. ಸ್ಟುಡಿಯೋದವರು ಹಾಳೆಯನ್ನು ಕೌಂಟರಿನ ಮೇಲೆ ಬಿಡಿಸಿಟ್ಟರು. ತಾಲ್ಲೂಕು ಕಚೇರಿಯ ಕೆಲಸಕ್ಕೆಂದು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಲು ಬಂದ ಒಬ್ಬ ಮುದುಕಿ ಬೆಂಚಿನ ಮೇಲೆ ಕೂತಿದ್ದವರು ಎದ್ದು ಬಂದು ಇಣುಕಿದರು. ಇಣುಕಿದವರ ಮುಖ ಕೆಂಪಗಾಯಿತು.

"ಹ್ವಾಯ್! ಮತ್ತೆ ಬಂದ್ರಾ ನೀವ್?"

"ಎಂತ ಅಮ್ಮ?"

"ರೋಡ್ ಇನ್ನೂ ಅಗಲ ಮಾಡ್ತ್ರಾ ಅಂದೇಳಿ ಕೇಂಡದ್ದ್! ಆವತ್ತೂ ಹೀಂಗೇ ಹಾಳಿ ತಂದ್ ನಮ್ ಜಗ್ಲಿಯಗೆ ಹಾಸಿದ್ರಿ. ಗೀಟ್, ಚುಕ್ಕಿ, ಸೊನ್ನಿ. ಆಮೇಲ್ ಕಂಡ್ರೆ ಜಗ್ಲಿಯೇ ಇಲ್ಲೆ."

ನಾನು ಬಾಯಿ ತೆರೆಯುವ ಮೊದಲೇ ಅವರು ಹಾಳೆಯ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸತೊಡಗಿದರು. "ಗಾ... ಣ... ದ್ಮ... ನಿ. ಕಾಣಿ, ನಮ್ಮನಿ ಹೆಸ್ರೂ ಇತ್ತ್! ಇದ್ದ್ ಮನಿ ತೆಗ್ದದ್ದ್ ಸಾಲ್ದಾ? ಇಲ್ದಿದ್ದ್ ಮನಿ ತೆಗುಕ್ ಬಂದ್ರಾ ಈಗ?"

ಗಾಣದ್ಮನಿಯಲ್ಲಿ ಹೀಗೆ ಜೋರು ಮಾಡುವ ಗಂಟಲು ಒಂದೇ ಇತ್ತು, ಮುತ್ತಕ್ಕನದ್ದು. ನಾನು ಸಣ್ಣವಳಿದ್ದಾಗ ಆ ಮನೆಗೆ ಸೊಸೆಯಾಗಿ ಬಂದವರು. ಮುಖ ನೋಡಿದರೆ ಗುರುತು ಸಿಗುವಂತಿರಲಿಲ್ಲ, ಆ ಗಂಟಲಿಗೆ ಮಾತ್ರ ಒಂದಿಷ್ಟೂ ವಯಸ್ಸಾಗಿರಲಿಲ್ಲ. ಅಷ್ಟರಲ್ಲಿ ಅವರ ಬೆರಳು ಮುಂದೆ ಹೋಗಿತ್ತು.

"ಇದ್ ಸಂಕದ್ಮನಿಯಾ? ಇದನ್ನ್ ತಪ್ಪ್ ಹಾಕಿರಿ. ಸಂಕದ್ಮನಿ ನಮ್ಗೆ ಮೂಡ್ ಬದಿ ಆಯ್ತ್. ನೀವ್ ಪಡು ಬದಿಗ್ ಹಾಕಿರ್ಯಲೆ!"

"ಆ ಮನಿಯಗೆ ಯಾರಿದ್ರ್?" ಎಂದು ಕೇಳಿದೆ. ಯಾಕೆ ಹಾಗೆ ಕೇಳಿದೆನೋ. ಕೇಳುವಾಗ ಹೆದರಿಕೆಯಾಯಿತು.

"ಈಗ ಯಾರೂ ಇಲ್ಲೆ, ಬರ್ಕಣಿ. ಗಂಡ್ಸ್ ಮೊದ್ಲೇ ಹೋಯ್ರ್. ಅಬ್ಬಿ ಮಗ್ಳ್ ಬೊಂಬಾಯಿಗ್ ಹೋದ್ರ್. ಇಬ್ರೂ ಅಲ್ಲೇ ತೀರ್ಕಂಡ್ರಂಬ್ರ್. ಸಂಕದ್ಮನಿಯವ್ರ್ ಅಂದೇಳಿ ಒಂದ್ ಜನ ಇಲ್ಲೆ ಈಗ."

ನಾನು ಸತ್ತ ಸುದ್ದಿಯನ್ನು ಬೈಂದೂರಿನ ಸ್ಟುಡಿಯೋದಲ್ಲಿ ನಿಂತು ಕೇಳಿದೆ. ಸಂಕದ್ಮನಿ ಗೊತ್ತಿರುವವರು ಕೊನೆಗೂ ಸಿಕ್ಕಿದ್ದರು, ಅವರೇ ನನ್ನನ್ನು ಒರೆಸಿ ಹಾಕಿದ್ದರು. ಹೌದಾ ಎಂದು ಹಾಳೆ ಸುತ್ತಿಕೊಂಡು ಬಸ್ಸು ಹತ್ತಬಹುದಿತ್ತು. ಅಷ್ಟು ವರ್ಷ ಮಾತು ನುಂಗಿ ಅಭ್ಯಾಸವಾದವಳು, ಹತ್ತುತ್ತಿದ್ದೆನೋ ಏನೋ. ಆದರೆ ಈ ಸಲ ಹಾಳೆಯನ್ನು ಸುತ್ತಲಿಲ್ಲ.

"ಮುತ್ತಕ್ಕ, ತೀರ್ಕಂಡದ್ದ್ ಅಬ್ಬಿ ಒಬ್ರೇ. ನಾನ್ ಶಾರ್ದ. ಈಗ ಇಲ್ಲೇ ಇದ್ದೆ."

ಅವರು ಕನ್ನಡಕ ತೆಗೆದರು, ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿದರು.

"ಸಂಕದ್ಮನಿ ಶಾರ್ದನಾ? ಮಜ್ಜಿಗಿಗೆ ಚೆಂಬ್ ಹಿಡ್ಕಂಡ್ ಬತ್ತಿದ್ದವ್ಳಾ?"

"ಹೌದ್."

"ಊರಿಗ್ ಬಂದ್ ಎಷ್ಟ್ ಸಮಯ ಆಯ್ತ್?"

"ಎರಡ್ ಮಳಿಗಾಲ ಆಯ್ತ್."

ಅಷ್ಟು ಹೇಳಿದ್ದೇ ತಪ್ಪಾಯಿತು ನೋಡಿ. "ಎರಡ್ ಮಳಿಗಾಲ! ನಾನ್ ಮಗನ್ ಮನಿಯಗೆ ಬ್ರಹ್ಮಾವರದಗಿದ್ದೆ, ಬ್ರಹ್ಮಾವರ ಎಂತ ದುಬೈಯಗಿತ್ತಾ? ಒಂದ್ ಸರ್ತಿ ಬಂದ್ ಮೋರಿ ತೋರ್ಸುಕಾಯ್ಲಿಲ್ಯಾ ಹೆಣ್ಣೆ ನಿಂಗೆ? ಬದ್ಕಿದ್ದವ್ಳ್ ಬದ್ಕಿದ್ದೆ ಅಂದೇಳಿ ಹೇಳ್ಕಲ್ದಾ! ನಾನ್ ಇಲ್ಲ್ ಊರೆಲ್ಲ ಸತ್ತಳ್ ಅಂದೇಳಿ ಹೇಳ್ಕಂಡ್ ತಿರ್ಗುದ್!" ಎಂದು ಸ್ಟುಡಿಯೋದವರ ಮುಂದೆಯೇ ನನ್ನ ಮೈಚಳಿ ಬಿಡಿಸಿದರು. ನೀನು ಎಂದರು, ಹೆಣ್ಣೆ ಎಂದರು. ಈ ಪ್ರಾಯದಲ್ಲಿ, ಕೌಂಟರಿನ ಮುಂದೆ ನಿಂತು ನಾನು ಗಳಗಳನೆ ಅತ್ತೆ. ಅಳುವುದು ಕಂಡು ಮುತ್ತಕ್ಕ ಇನ್ನೂ ಜೋರಾಗಿ ಬೈದರು.

ಬೈದು ಮುಗಿದ ಮೇಲೆ ಅದು ರಸ್ತೆಯ ನಕ್ಷೆಯಲ್ಲ, ಆಕಾಶದ್ದೆಂದು ವಿವರಿಸಿದೆ. ಅವರಿಗೆ ಅದು ದೊಡ್ಡ ವಿಷಯವೆನಿಸಲಿಲ್ಲ. "ಎಲ್ಲಿದಾದ್ರೂ ಆಯ್ಲಿ, ಸಂಕದ್ಮನಿ ಮೂಡ್ ಬದಿಗ್ ಹಾಕ್. ನಾನ್ ಹೋದ್ ಮೇಲೆ ಹೇಳುಕ್ ಯಾರೂ ಇಲ್ಲೆ" ಎಂದರು. ಆಕಾಶದ ನಕ್ಷೆಯಲ್ಲಿ ಮೂಡು ಎಡಗಡೆಗೆ ಬರುತ್ತದೆ, ಅದನ್ನು ನೆಲಕ್ಕೆ ಹಾಸಿ ನೋಡಬಾರದು, ತಲೆಯ ಮೇಲೆ ಹಿಡಿದು ನೋಡಬೇಕು ಎಂದೆ. ಸರಿ, ನಾನೊಂದು ತುದಿ ಅವರೊಂದು ತುದಿ ಹಿಡಿದು, ಮೇಲಂಚನ್ನು ಬಡಗಕ್ಕೆ ಮಾಡಿ ಹಾಳೆಯನ್ನು ತಲೆಯ ಮೇಲೆ ಎತ್ತಿದೆವು. ಇಬ್ಬರು ಹೆಂಗಸರು ಕತ್ತು ಮೇಲೆ ಮಾಡಿ ನಿಂತದ್ದನ್ನು ಸ್ಟುಡಿಯೋದವರು ನೋಡುತ್ತಲೇ ಇದ್ದರು. ಟ್ಯೂಬ್‌ಲೈಟಿನ ಬೆಳಕು ಹಾಳೆಯ ಮೂಲಕ ನಮ್ಮ ಮುಖದ ಮೇಲೆ ಬೀಳುತ್ತಿತ್ತು. ಮುತ್ತಕ್ಕ ಮೂಡು ಯಾವುದು, ಪಡು ಯಾವುದು ಎಂದು ಬಾಗಿಲಿನ ಕಡೆ ನೋಡಿ ಲೆಕ್ಕ ಹಾಕಿದರು.

"ಹ್ಞಾ, ಈಗ ಸಮ ಆಯ್ತ್. ಇದ್ರಗೆ ಜನ ಇದ್ದ್ರಾ?"

"ಇಲ್ಲೆ ಮುತ್ತಕ್ಕ. ಬರೀ ಧೂಳ್."

"ನಮ್ದೂ ಹಾಂಗೇ ಆದ್ದ್" ಎಂದರು. ಕೈ ನೋಯುವವರೆಗೂ ನಾವು ಹಾಳೆ ಇಳಿಸಲಿಲ್ಲ.

ಅವರನ್ನು ಫೋಟೋ ತೆಗೆಯಲು ಒಳಗೆ ಕರೆದಾಗ ನಾನು ಹೊರಗೆ ಬಂದು ಶೈಲಾಳಿಗೆ ಫೋನು ಮಾಡಿದೆ. ಕೋಣೆ ಬೇರೆಯವರಿಗೆ ಕೊಟ್ಟುಬಿಡಲು ಹೇಳು ಎಂದೆ. ಯಾಕೆ, ಏನಾಯಿತು, ಅಳುತ್ತಿದ್ದೀಯಾ ಎಂದು ಅವಳು ಕೇಳಿದಳು. ಬೈಸಿಕೊಂಡೆ ಎಂದೆ. ಅವಳಿಗೆ ಏನು ಅರ್ಥವಾಯಿತೋ ದೇವರಿಗೇ ಗೊತ್ತು.

ಮುತ್ತಕ್ಕ ಪೌಡರು ಮೆತ್ತಿದ ಮುಖದಲ್ಲಿ ಹೊರಗೆ ಬಂದರು. ಬರುವ ಭಾನುವಾರ ಬ್ರಹ್ಮಾವರಕ್ಕೆ ಬರಬೇಕೆಂದೂ ಬರದಿದ್ದರೆ ತಾವೇ ಬಂದು ಎಳೆದುಕೊಂಡು ಹೋಗುವುದಾಗಿಯೂ ಹೆದರಿಸಿದರು. ಸ್ಟುಡಿಯೋದವರು ಹಾಳೆಯನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಪೆನ್ನು ತೆಗೆದು ಕೇಳಿದರು.

"ಬಿಲ್ಲಿಗೆ ಎಂತ ಹೆಸ್ರ್ ಬರಿಲಿ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ಮುತ್ತಕ್ಕ, "ಸಂಕದ್ಮನಿ ಶಾರ್ದ ಅಂದೇಳಿ ಬರಿ" ಎಂದರು.

"ಸಂಕದ್ಮನಿ ಅಂದ್ರೆ ಎಲ್ಲಾಯ್ತ್ ಅಜ್ಜಿ?"

"ನಮ್ಮನಿಂದ ಮೂಡಕ್ಕೆ" ಎಂದರು ಮುತ್ತಕ್ಕ.